ತೆ ಅವಮುಟುವಿನ ಖಾಲಿ ಕೋರ್ಟು: ದೋಸ್ತಿಗೊಂದು ಪತ್ರ

ಲೋ ಮಗಾ,

ವಾಟ್ಸಾಪಲ್ಲಿ ಮೂರು ಸಲ ಬರೆದು ಮೂರು ಸಲ ಅಳಿಸಿದೆ, ಅದಕ್ಕೆ ಇಲ್ಲೇ ಹಾಕ್ತಿದೀನಿ, ಓದೋರು ಓದ್ಲಿ. ಬಾಳೆಕಾಯಿ ಫೈಲಿನ ವಿಷಯ ಮಾತ್ರ ಎತ್ತಲ್ಲ, ಮಾತು ಅಂದ್ರೆ ಮಾತು.

ಹೋದ ಶನಿವಾರ ಇಲ್ಲಿ ನ್ಯೂಜಿಲೆಂಡಲ್ಲಿ, ನಮ್ಮ ಹ್ಯಾಮಿಲ್ಟನ್ನಿಂದ ತೆ ಅವಮುಟು ಅನ್ನೋ ಊರಿಗೆ ಹೋಗಿದ್ದೆ, ಕಾರಲ್ಲಿ ಅರ್ಧ ಗಂಟೆ ದಾರಿ. ನೀನು ಯಾವಾಗ್ಲೂ ಹೇಳ್ತಿರ್ತೀಯಲ್ಲ, ಜನ ತಾಲ್ಲೂಕು ಆಫೀಸಿಗೇ ಬರಲ್ಲ, ಅರಳಿಕಟ್ಟೆ ಮೇಲೇ ನ್ಯಾಯ ಮುಗಿಸ್ಕೊಂಡು ಬಿಡ್ತಾರೆ ಅಂತ, ಅದೇ ಗೋಳನ್ನ 160 ವರ್ಷದ ಹಿಂದೆ ಆ ಊರಲ್ಲಿ ಒಬ್ಬ ಪಟ್ಟಿದ್ದ ಕಣೋ. ಜಾನ್ ಗೋರ್ಸ್ಟ್ ಅಂತ. ಇಂಗ್ಲೆಂಡಿನಿಂದ ಬಂದ ಹುಡುಗ, ಬ್ರಿಟಿಷ್ ಗವರ್ನರ್ ಜಾರ್ಜ್ ಗ್ರೇ 1861ರಲ್ಲಿ ಅವನನ್ನ ಇಲ್ಲಿನ ಮೂಲನಿವಾಸಿ ಮಾವೋರಿಗಳ ಮಧ್ಯೆ ಮ್ಯಾಜಿಸ್ಟ್ರೇಟ್ ಮಾಡಿ ಕಳಿಸಿದಾಗ ವಯಸ್ಸು ಬರೀ 26.

ಕೋರ್ಟು ಶುರು ಮಾಡಿದ, ಕೇಸೇ ಬರಲಿಲ್ಲ. ಈ ವೈಕಾಟೊ ಸೀಮೆಯ ಮಾವೋರಿ ಜನ 1858ರಲ್ಲೇ ಪೋಟಟೌ ತೆ ವೆರೊವೆರೊ ಅವರನ್ನ ತಮ್ಮ ರಾಜ ಅಂತ ಆರಿಸ್ಕೊಂಡಿದ್ರು, ಭೂಮಿ ಕೈಬಿಟ್ಟು ಹೋಗಬಾರದು ಅಂತ. ಜಗಳ ಇದ್ರೆ ರುನಂಗ ಅನ್ನೋ ಅವರದೇ ಸಭೆಯಲ್ಲಿ ಕೂತು ತೀರ್ಮಾನ ಮಾಡ್ಕೊತಿದ್ರು, ನಮ್ಮ ಪಂಚಾಯ್ತಿ ಥರಾನೇ. ಗೋರ್ಸ್ಟ್ ಹತ್ರ ಕುರ್ಚಿ ಇತ್ತು, ಕಾನೂನಿನ ಪುಸ್ತಕ ಇತ್ತು, ಆದರೆ ಆರ್ಡರ್ ಮಾಡಿದ್ರೆ ಜಾರಿ ಮಾಡೋ ಬಲ ಇರಲಿಲ್ಲ. ಕೊನೆಗೆ ಮರಗೆಲಸ, ಕಮ್ಮಾರಿಕೆ ಕಲಿಸೋ ಶಾಲೆ ನೋಡ್ಕೊಂಡಿದ್ದ.

ಆಮೇಲೆ ಪೇಪರ್ ಜಗಳ. ರಾಜನ ಕಡೆಯವರು ಆಸ್ಟ್ರಿಯಾದ ಚಕ್ರವರ್ತಿ ಕೊಟ್ಟಿದ್ದ ಮುದ್ರಣ ಯಂತ್ರದಲ್ಲಿ 'ಹೊಕಿಯೊಯಿ' ಅಂತ ಪತ್ರಿಕೆ ತರ್ತಿದ್ರು. ಹೊಕಿಯೊಯಿ ಅಂದ್ರೆ ಆಕಾಶದಲ್ಲೇ ಇರೋ ದೊಡ್ಡ ಹಕ್ಕಿ, ಕತೆಗಳಲ್ಲಿ ಬರುತ್ತೆ. ಅದಕ್ಕೆ ಉತ್ತರವಾಗಿ 1863ರಲ್ಲಿ ಗೋರ್ಸ್ಟ್ ಒಂದು ಪತ್ರಿಕೆ ಶುರು ಮಾಡಿದ, ಹೆಸರು ಮಾವೋರಿಯಲ್ಲಿ 'ಮಾಳಿಗೆ ಮೇಲಿನ ಒಂಟಿ ಹಕ್ಕಿ'. ಬೈಬಲ್ಲಿನ ಸಾಲು ಅದು. ಅವನು ನಿಜವಾಗ್ಲೂ ಒಂಟಿಯಾಗಿದ್ದ ಅನ್ಸುತ್ತೆ ನಂಗೆ. ಮಾರ್ಚಲ್ಲಿ ರಾಜನ ಕಡೆಯ ನಾಯಕ ರೆವಿ ಮನಿಯಪೊಟೊನ ಜನ ಬಂದು ಅವನ ಪ್ರೆಸ್ ಎತ್ಕೊಂಡು ಹೋದ್ರು, ಊರು ಬಿಡು ಅಂದ್ರು. ಏಪ್ರಿಲಲ್ಲಿ ಹೋದ. ಜುಲೈಯಲ್ಲಿ ಬ್ರಿಟಿಷ್ ಸೈನ್ಯ ಬಂತು, ಯುದ್ಧ ಆಯ್ತು, ವೈಕಾಟೊದಲ್ಲಿ ಸುಮಾರು 12 ಲಕ್ಷ ಎಕರೆ ಜಪ್ತಿ ಆಯ್ತು. ಗ್ರೇ ಮೊದಲೇ ಹೇಳಿದ್ದನಂತೆ, ರಾಜನ ಮೇಲೆ ಕತ್ತಿ ಎತ್ತಲ್ಲ, ಸುತ್ತ ಅಗೀತೀನಿ, ತಾನೇ ಬೀಳ್ತಾನೆ ಅಂತ. ಗೋರ್ಸ್ಟ್ ಕೈಯಲ್ಲಿ ಕೊಟ್ಟಿದ್ದು ಆ ಗುದ್ದಲಿ ಮಗಾ. ಒಳ್ಳೇದು ಮಾಡ್ತಿದೀನಿ ಅಂತ ನಂಬ್ಕೊಂಡೇ ಅವನು ಅಗೀತಿದ್ದ.

ಆ ಜಪ್ತಿ ಮಾಡಿದ ಜಮೀನಲ್ಲೇ 1864ರಲ್ಲಿ ಸೈನಿಕರನ್ನ ಕೂರಿಸಿ ಹ್ಯಾಮಿಲ್ಟನ್ ಊರು ಕಟ್ಟಿದ್ದು. ನಾನು ಗೃಹಪ್ರವೇಶದ ಫೋಟೋ ಕಳಿಸಿದ್ನಲ್ಲ, ನೀನು ಹಾರ್ಟ್ ಹಾಕಿದ್ಯಲ್ಲ, ಆ ಮನೆ ಇರೋದೂ ಇದೇ ಊರಲ್ಲಿ. ಹಾಲು ಉಕ್ಕಿಸುವಾಗ ಇದ್ಯಾವುದೂ ಗೊತ್ತಿರಲಿಲ್ಲ ನಂಗೆ.

ಇಷ್ಟೇ ಬರೆಯೋಣ ಅಂದ್ಕೊಂಡಿದ್ದೆ. ಆದ್ರೆ ಇನ್ನೊಂದಿದೆ. ಎರಡು ವರ್ಷದ ಹಿಂದೆ ನನ್ನ ಆಫೀಸಲ್ಲಿ, ಅರ್ಜಿ ತಗೊಳ್ಳೋ ನನ್ನ ಕೌಂಟರಿಗೆ ಒಬ್ಬ ಮಾವೋರಿ ತಾತ ಬಂದಿದ್ರು. ಜಾಗ ಇಡೀ ಮನೆತನದ್ದು, ಫಾರ್ಮಲ್ಲಿ ಮಾಲೀಕರ ಹೆಸರಿಗೆ ಇದ್ದಿದ್ದು ಒಂದೇ ಗೆರೆ. ಅವರು ಹೆಸರುಗಳನ್ನ ಇರುವೆ ಸಾಲಿನ ಹಾಗೆ ಸಣ್ಣಗೆ ಬರೆದು, ಜಾಗ ಸಾಲದೆ ಅಂಚಲ್ಲಿ ಕೆಳಗಿನವರೆಗೂ ಇಳಿಸಿದ್ರು, ಕಪ್ಪು ಇಂಕಲ್ಲಿ, ಒಂದೂ ಕಾಟು ಹೊಡೀದೆ. ನಾನು ವಾಪಸ್ ಕೊಟ್ಟೆ. ಮುಂದಿನ ವಾರ ಇನ್ನೊಂದು ಹಾಳೆ ಪಿನ್ ಮಾಡ್ಕೊಂಡು ಬಂದ್ರು, ಅದನ್ನೂ ವಾಪಸ್ ಕೊಟ್ಟೆ, ನಗ್ತಾನೇ ಕೊಟ್ಟೆ. ಆಮೇಲೆ ಅವರು ಬರಲೇ ಇಲ್ಲ. ಕಂಪ್ಯೂಟರಲ್ಲಿ ಅವರ ಅರ್ಜಿ ತಾನಾಗೇ ಕ್ಲೋಸ್ ಆಯ್ತು, ಆ ತಿಂಗಳು ನನ್ನ ಹೆಸರಿನ ಮುಂದೆ ಪೆಂಡಿಂಗ್ ಸೊನ್ನೆ, ಮೀಟಿಂಗಲ್ಲಿ ಚಪ್ಪಾಳೆ ಬೇರೆ. ಖುಷಿಪಟ್ಟಿದ್ದೆ ಕಣೋ. ನಿಂಗೂ ಫೋನ್ ಮಾಡಿ ಹೇಳಿದ್ದೆ. ಆ ತಾತನ ವಿಷಯ ಮಾತ್ರ ಹೇಳಿರಲಿಲ್ಲ, ಯಾರಿಗೂ ಹೇಳಿಲ್ಲ.

ಗೋರ್ಸ್ಟ್ 1906ರಲ್ಲಿ ಮತ್ತೆ ನ್ಯೂಜಿಲೆಂಡಿಗೆ ಬಂದಾಗ ಮಾವೋರಿಗಳು ಪ್ರೀತಿಯಿಂದಲೇ ಬರಮಾಡ್ಕೊಂಡ್ರಂತೆ. ಅದನ್ನ ಓದಿದ ಮೇಲೆ ಎದೆ ಇನ್ನೂ ಭಾರ ಆಯ್ತು.

ಸೋಮವಾರ ಆ ಹಳೇ ಅರ್ಜಿ ಹುಡುಕಿ ತೆಗೆದು ಅವರ ನಂಬರಿಗೆ ಫೋನ್ ಮಾಡ್ತೀನಿ. ಎತ್ತಿದ್ರೆ ಏನಂತ ಶುರು ಮಾಡೋದು ಅಂತ ನೀನೇ ಹೇಳು, ನಿಂಗೆ ದಿನಾ ಜನರ ಜೊತೆ ಮಾತಾಡಿ ಅಭ್ಯಾಸ.

ಸರಿ ಬಿಡು, ತುಂಬಾ ಆಯ್ತು. ಅಮ್ಮನಿಗೆ ಹೇಳು, ಅವರು ಕಳಿಸಿದ ಚಟ್ನಿಪುಡಿ ಇವತ್ತು ಬೆಳಗ್ಗೆ ಖಾಲಿ ಆಯ್ತು. ಮತ್ತೆ ಆ ಬಾಳೆಕಾಯಿ ಫೈಲು ಇನ್ನೂ ನನ್ನ ಹತ್ರಾನೇ ಇದೆ, ನೆನಪಿರ್ಲಿ.

ನಿನ್ನ ದೋಸ್ತ್