ಡಂಬಳಕ್ಕೆ ಹೋಗಿ ಬಂದೆ ದೋಸ್ತ

ದೋಸ್ತ,

ನೀನಿಲ್ಲದೆ ಡಂಬಳಕ್ಕೆ ಹೋಗಬಾರದು ಅಂತ ಮಾತಾಗಿತ್ತು, ಗೊತ್ತು. ಪುಣೆಯಿಂದ ಬಂದ ಅಕ್ಕನ ಮಗ ಹಟ ಹಿಡಿದ. ಗದಗಿನಿಂದ ಮುಂಡರಗಿ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಅಷ್ಟಕ್ಕೆ ಇನ್ನೂ ಎಷ್ಟು ವರ್ಷ ಕಾಯೋದು ಹೇಳು. ಎಮ್ಮೆ ವಿಷಯ ಮಾತ್ರ ಅವನಿಗೆ ಹೇಳಲಿಲ್ಲ, ಆಣೆ ಇದೆಯಲ್ಲ.

ದೊಡ್ಡಬಸಪ್ಪನ ಗುಡಿಯನ್ನು ನೀನು ಫೋಟೋದಲ್ಲಿ ನೋಡಿರುತ್ತೀಯ. ಫೋಟೋದಲ್ಲಿ ಗೊತ್ತಾಗಲ್ಲ. ಗರ್ಭಗುಡಿಯ ಹೊರಗೋಡೆಗೆ ತೀರಾ ಹತ್ತಿರ ನಡೆಯಬೇಕು. ಮೂಲೆ, ಸಂದು, ಮತ್ತೆ ಮೂಲೆ. ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಹುಡುಗ ನೆಲದ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಲೆಕ್ಕ ಬಿಡಿಸಿದ. ಒಂದು ಚೌಕ ಬರೆದು, ನಡುವಿನ ಚುಕ್ಕಿ ಕದಲದಂತೆ 15 ಡಿಗ್ರಿ ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಇನ್ನೊಂದು. ಆರು ಚೌಕಕ್ಕೆ 24 ಮೂಲೆ. ಗುಡಿಯೂ ಅಷ್ಟೇ! 12ನೇ ಶತಮಾನದ ಚಾಲುಕ್ಯರ ಕಾಲದ ಕಲ್ಲುಕುಟಿಗರು ಆ ನಕ್ಷತ್ರವನ್ನು ಬುನಾದಿಗೇ ಬಿಡಲಿಲ್ಲ, ಶಿಖರಕ್ಕೂ ಏರಿಸಿದ್ದಾರೆ. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಜಪದ ಬಾವಿ ನೋಡಿ ಕೆರೆ ಏರಿಗೆ ಬಂದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ದೂರಕ್ಕೆ ಕಪ್ಪತಗುಡ್ಡ ಕಾಣುತ್ತಿತ್ತು.

ಅಲ್ಲಿ ಕೂತು ಅವನಿಗೆ 1095ರ ಶಾಸನದ ವಿಷಯ ಹೇಳುತ್ತಿದ್ದೆ. ಆರನೇ ವಿಕ್ರಮಾದಿತ್ಯನ ಕಾಲ. ಈ ಊರಿನಲ್ಲಿ 16 ಮಂದಿ ಸೆಟ್ಟಿಗಳು ಸೇರಿ ಬುದ್ಧನಿಗೆ ವಿಹಾರ ಕಟ್ಟಿಸಿದ್ದರು. ಬೌದ್ಧರ ತಾರಾದೇವಿಗೆ ಇನ್ನೊಂದು ವಿಹಾರ ಕಟ್ಟಿಸಿದವನು ಲೊಕ್ಕಿಗುಂಡಿಯವನು, ಅಂದರೆ ನಮ್ಮ ಲಕ್ಕುಂಡಿಯವನೇ. "ಅವು ಎಲ್ಲಿವೆ ಮಾಮಾ, ಹೋಗೋಣ" ಅಂದ. ಹೋಗಿ ತೋರಿಸಲು ಏನೂ ಇಲ್ಲ ಅಂದೆ. "ಮತ್ತೆ ಆ ಜನ ಎಲ್ಲಿಗೆ ಹೋದರು?" ಅಂದ. ರೊಟ್ಟಿ ಗಂಟಲಲ್ಲೇ ನಿಂತಿತು.

ಯಾಕೆ ಅಂದರೆ, ಬೆಟಗೇರಿಯ ನಿಮ್ಮ ಮನೆ ಮಾರಾಟವಾಯಿತಂತೆ. ಕಿರಾಣಿ ಅಂಗಡಿಯಲ್ಲಿ ಯಾರೋ ಹೇಳಿದರು. ನೀನು ಹೇಳಲಿಲ್ಲ. ಮಾರಿದ್ದು ತಪ್ಪು ಅಂತಲ್ಲ. ಅಪ್ಪ ಅಮ್ಮ ನಿನ್ನ ಹತ್ತಿರವೇ ಇದ್ದಾರೆ, ಇಲ್ಲಿ ಬೀಗ ಹಾಕಿದ ಮನೆ ಇಟ್ಟುಕೊಂಡು ಏನು ಮಾಡ್ತೀಯ. ಆದರೆ ಒಂದು ಮಾತು ಯಾರಿಗೂ ಹೇಳಿಲ್ಲ. ಹುಬ್ಬಳ್ಳಿಗೆ ಮನೆ ಮಾಡೋಣ ಅಂತ ನಮ್ಮವಳು ಕೇಳಿದಾಗೆಲ್ಲ ಮಕ್ಕಳ ಶಾಲೆ, ಅವ್ವನ ಆರೋಗ್ಯ ಅಂತ ಏನೇನೋ ಹೇಳಿದೆ. ನಿಜ ಅಂದರೆ ನೀನು ಒಂದಿನ ವಾಪಸ್ ಬರ್ತೀಯ, ಆಗ ನಾನು ಇಲ್ಲಿರಬೇಕು ಅಂತ ಇತ್ತು. ಈಗ ನಾನು ಯಾರಿಗಾಗಿ ಇಲ್ಲಿದ್ದೇನೆ ಅಂತ ಕೆರೆ ಏರಿ ಮೇಲೆ ಕೂತು ಲೆಕ್ಕ ಹಾಕಿದೆ. ಉತ್ತರ ಬರಲಿಲ್ಲ.

ಸಾಕು ಬಿಡು. ಇದನ್ನು ನಮ್ಮ ಬ್ಯಾಚಿನವರೆಲ್ಲ ಓದುತ್ತಾರೆ, ನಮ್ಮವಳೂ ಓದುತ್ತಾಳೆ. ಬರೆದದ್ದನ್ನು ಅಳಿಸಲ್ಲ.

ಚಳಿಗಾಲದಲ್ಲಿ ಎರಡು ದಿನ ಬಾ. ನಮ್ಮ ಮನೆಯಲ್ಲೇ ಉಳಿ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಆಗ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಬೆಳಗ್ಗೆ ಹಕ್ಕಿ, ಸಂಜೆ ಗಿರ್ಮಿಟ್. ಮಾಸ್ತರರ ಛತ್ರಿ ನಿನ್ನ ಹತ್ತಿರವೇ ಇದೆ, ತರೋದು ಮರೀಬೇಡ. ಟಿಕೆಟ್ ಮಾಡಿಸಿ ತಾರೀಖು ತಿಳಿಸು, ಸ್ಟೇಷನ್ನಿಗೆ ಬರ್ತೀನಿ.

ನಿನ್ನ,
ಮೂರನೇ ಬೆಂಚಿನವ