ಎಲೆಯಲ್ಲಿ ಬಿಟ್ಟಿದ್ದಕ್ಕೆ ಬೇಜಾರಾಗಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗಲೇ ಬಡಿಸುವ ಹುಡುಗನಿಗೆ ಹೇಳಿದ್ದೆ, ಎಲ್ಲಾ ಒಂದೊಂದು ಚಮಚ ಸಾಕಪ್ಪ ಅಂತ. ಅವನು ಪಾಪ ಹಾಗೇ ಮಾಡಿದ. ಆದರೆ ಮನೆಯೊಡತಿ ಬಂದವರು ನನ್ನ ಎಲೆ ನೋಡಿ, ಎರಡು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದೇಬಿಟ್ಟರು. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಆಗಿಹೋಗಿತ್ತು. ಹೋಳಿಗೆ ಮುಟ್ಟದೆ ಎಲೆ ಮಡಿಸಿದಾಗ ಅವರ ಮುಖ ಸಣ್ಣದಾಯಿತು. "ನಮ್ಮನೆ ಊಟ ಹಿಡಿಸಲಿಲ್ವೇನಮ್ಮಾ?" ಅಂದರು. ಮೂವತ್ತು ಜನರ ಪಂಕ್ತಿಯಲ್ಲಿ ಏನು ವಿವರಿಸಲಿ? ಸುಮ್ನೆ ಎದ್ದು ಬಂದೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿಪಟೂರು ಕಡೆಯ ಹೈಸ್ಕೂಲೊಂದರ ಶಿಕ್ಷಕಿ, ವಯಸ್ಸು 46. ಎರಡೂವರೆ ವರ್ಷದ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೆ. ಆಗ ನನ್ನ ತೂಕ 112 ಕೆ.ಜಿ., ಎತ್ತರ ಐದಡಿ ಎರಡಿಂಚು. ಹನ್ನೊಂದು ವರ್ಷದಿಂದ ಶುಗರ್, ದಿನಕ್ಕೆ ಎರಡು ಸಲ ಇನ್ಸುಲಿನ್, ರಾತ್ರಿ ಉಸಿರು ಕಟ್ಟದಿರಲಿ ಅಂತ ಮೂಗಿಗೆ ಮೆಷಿನ್. ಮಂಡಿ ನೋವಿಗೆ ಶಾಲೆಯ ಮೆಟ್ಟಿಲು ಹತ್ತುವುದೇ ಆಗುತ್ತಿರಲಿಲ್ಲ. ವಾಕಿಂಗ್, ಡಯೆಟ್, ನಾಟಿ ಔಷಧಿ ಎಲ್ಲಾ ಮಾಡಿದ್ದೆ, ಇಳಿದ ತೂಕ ಪ್ರತಿ ಸಲವೂ ವರ್ಷದೊಳಗೆ ವಾಪಸ್ ಬರುತ್ತಿತ್ತು.

ನಿಮ್ಮ ಪತ್ರಿಕೆ ಸೇರಿದಂತೆ ಎಲ್ಲಾ ಪತ್ರಿಕೆಗಳಲ್ಲೂ ಈ ಆಪರೇಷನ್ನಿನ ಜಾಹೀರಾತು ಬರುತ್ತದೆ. ಎಡಗಡೆ ದಪ್ಪಗಿದ್ದ ಫೋಟೊ, ಬಲಗಡೆ ತೆಳ್ಳಗಾದ ಫೋಟೊ. ಆ ಎರಡು ಫೋಟೊಗಳ ನಡುವೆ ಏನೇನು ನಡೆಯುತ್ತದೆ, ಎರಡನೇ ಫೋಟೊ ಆದ ಮೇಲೆ ಏನೇನು ಇರುತ್ತದೆ ಅಂತ ಯಾರೂ ಬರೆಯುವುದಿಲ್ಲ. ಆಪರೇಷನ್ ಮಾಡಿಸಿಕೊಂಡವರಿಗಾದರೂ ಆಸ್ಪತ್ರೆಯವರು ಒಂದಷ್ಟು ಹೇಳಿ ಕಳಿಸುತ್ತಾರೆ. ನಮ್ಮ ಜೊತೆ ಬದುಕುವ ಮನೆಯವರಿಗೆ, ಊಟಕ್ಕೆ ಕರೆಯುವ ನೆಂಟರಿಗೆ, ಊರಿನ ಕ್ಲಿನಿಕ್ಕಿನ ಡಾಕ್ಟರಿಗೆ ಯಾರು ಹೇಳುತ್ತಾರೆ?

ಮೊದಲು ಒಂದು ತಪ್ಪು ತಿಳಿವಳಿಕೆ. ಇದು ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಅಲ್ಲ. ಸ್ಟಾಫ್ ರೂಮಿನಲ್ಲೇ ಎಷ್ಟೋ ಜನ ನನ್ನನ್ನು "ಎಷ್ಟು ಕೆ.ಜಿ. ಕೊಬ್ಬು ತೆಗೆದರು?" ಅಂತ ಕೇಳಿದ್ದಾರೆ. ಕೊಬ್ಬನ್ನು ಮುಟ್ಟುವುದೇ ಇಲ್ಲ. ಸ್ಲೀವ್ ಅನ್ನುವ ಆಪರೇಷನ್ನಿನಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ನನಗೆ ಆದದ್ದು ಬೈಪಾಸ್, ಹೃದಯದ್ದಲ್ಲ, ಹೊಟ್ಟೆಯದು. ಹೊಟ್ಟೆಯ ಚೀಲದ ಮೇಲಿನ ತುದಿಯನ್ನು ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಮಿಕ್ಕ ಹೊಟ್ಟೆ ಒಳಗೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಹಸಿವು, ಶುಗರ್ ಎರಡನ್ನೂ ನಡೆಸುವ ಹಾರ್ಮೋನುಗಳೇ ಬದಲಾಗುತ್ತವೆ. ಅದಕ್ಕೇ ನನ್ನ ಇನ್ಸುಲಿನ್ ಡೋಸು ತೂಕ ಇಳಿಯುವ ಮೊದಲೇ, ಆಸ್ಪತ್ರೆಯಲ್ಲಿ ಇರುವಾಗಲೇ ಕಮ್ಮಿ ಆಯಿತು. ಹಳೇ ಡೋಸನ್ನೇ ಮುಂದುವರಿಸಿದ್ದರೆ ಶುಗರ್ ಇಳಿದು ಅಪಾಯ ಆಗುತ್ತಿತ್ತು.

ಹೊಟ್ಟೆ ಮೇಲೆ ಐದು ಸಣ್ಣ ಗಾಯ. ಅವು ಎರಡು ವಾರದಲ್ಲಿ ಮಾಸಿದವು. ನೋವು ನಾನು ಹೆದರಿದಷ್ಟು ಇರಲಿಲ್ಲ, ಅದೇ ಸಂಜೆ ಎಬ್ಬಿಸಿ ನಡೆಸಿದರು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ.

ಮೊದಲ ದಿನಗಳಲ್ಲಿ ಔಷಧಿ ಅಳೆಯುವ ಮುಚ್ಚಳದಂಥ ಲೋಟದಲ್ಲಿ ಗುಟುಕು ಗುಟುಕಾಗಿ ನೀರು. ಆಮೇಲೆ ಬೇಳೆ ಕಟ್ಟು, ಮಜ್ಜಿಗೆ, ಸೋಸಿದ ತಿಳಿಸಾರು. ಮೂರನೇ ವಾರದಿಂದ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಹೆಸರುಬೇಳೆ. ಹೀಗೆ ಮಾಮೂಲಿ ಊಟದ ಹತ್ತಿರ ಬರಲು ಎರಡು ತಿಂಗಳು ಹಿಡಿಯಿತು. ಹೊಟ್ಟೆ ಹಸಿಯುತ್ತಿರಲಿಲ್ಲ, ಆದರೆ ಒಗ್ಗರಣೆ ವಾಸನೆ ಬಂದರೆ ಅಳು ಬರುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ಅರ್ಥ ಆಗುತ್ತಿರಲಿಲ್ಲ. ನನಗೆ ಬೇಜಾರಾದಾಗ, ಖುಷಿಯಾದಾಗ, ಪೇಪರ್ ತಿದ್ದಿ ಸುಸ್ತಾದಾಗ ಜೊತೆಗಿದ್ದದ್ದು ತಿಂಡಿಯೇ. ಒಂದು ಬೆಳಗ್ಗೆಯಿಂದ ಆ ಜೊತೆಯೇ ಇಲ್ಲ ಅಂದರೆ ಹೇಗಿರುತ್ತದೆ ಹೇಳಿ. ಮನಸ್ಸನ್ನು ನೋಡುವ ಡಾಕ್ಟರನ್ನು ಆಪರೇಷನ್ನಿಗೆ ಮುಂಚೆ ಒಂದು ಸಲ ಭೇಟಿ ಮಾಡಿಸಿದ್ದರು. ನಿಜವಾಗಿ ಅವರು ಬೇಕಾಗಿದ್ದದ್ದು ಆಮೇಲೆ.

ನಮ್ಮ ಕಡೆ ಮುದ್ದೆ ಹೇಗೆ ತಿನ್ನುತ್ತೇವೆ ಅಂತ ನಿಮಗೆ ಗೊತ್ತು. ಅಗಿಯುವ ಹಾಗಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಚಿಕ್ಕಂದಿನಲ್ಲಿ ಮುದ್ದೆ ಅಗಿದರೆ ಅಜ್ಜಿ ಬೈಯುತ್ತಿದ್ದರು. ಈ ಆಪರೇಷನ್ ಆದವರು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿದು ನೀರು ಮಾಡಿ ನುಂಗಬೇಕು. ಮೂರನೇ ತಿಂಗಳಲ್ಲಿ ಒಂದು ದಿನ, ಅಡಿಕೆಯಷ್ಟೇ ಇದೆಯಲ್ಲಾ ಅಂತ ಒಂದು ತುಂಡು ಮುದ್ದೆಯನ್ನು ಹಳೇ ಅಭ್ಯಾಸದಂತೆ ನುಂಗಿಬಿಟ್ಟೆ. ಅದು ಎದೆಯ ಮಧ್ಯದಲ್ಲಿ ಕಲ್ಲಿನ ಹಾಗೆ ಕೂತಿತು. ಬಾಯಿ ತುಂಬಾ ಜೊಲ್ಲು, ನೊರೆ, ಎದೆ ಒಡೆಯುವಂಥ ನೋವು. ಸುಮಾರು ಒಂದು ಗಂಟೆ ಆದ ಮೇಲೆ ವಾಂತಿಯಾಗಿ ಹೊರಗೆ ಬಂತು. ನನ್ನ ತಾಯಿ ದೇವರ ಮುಂದೆ ದೀಪ ಹಚ್ಚಿ ಕೂತಿದ್ದರು. ಅವತ್ತಿಂದ ನನಗೆ ರಾಗಿ ಅಂದರೆ ಅಂಬಲಿ, ಇಲ್ಲದಿದ್ದರೆ ತೆಳ್ಳಗಿನ ರೊಟ್ಟಿ.

ಇನ್ನು ಹೋಳಿಗೆ, ಪಾಯಸದ ವಿಷಯ. ಬೈಪಾಸ್ ಆದವರಲ್ಲಿ ಸಿಹಿ ಹೊಟ್ಟೆಯಲ್ಲಿ ನಿಲ್ಲದೆ ಸೀದಾ ಕರುಳಿಗೆ ಇಳಿಯುತ್ತದೆ. ಕರುಳು ಮೈಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಡಾಕ್ಟರುಗಳು ಡಂಪಿಂಗ್ ಅನ್ನುತ್ತಾರೆ. ಅದು ಮುಗಿಯಿತು ಅನ್ನುವಾಗ, ತಿಂದು ಒಂದರಿಂದ ಮೂರು ಗಂಟೆಯೊಳಗೆ, ರಕ್ತದ ಸಕ್ಕರೆ ಅಂಶ ದಿಢೀರನೆ ಕೆಳಗಿಳಿದು ಕೈಕಾಲು ನಡುಗಬಹುದು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಇಲ್ಲ, ಕೆಲವರಿಗೆ ಏನೂ ಆಗುವುದಿಲ್ಲ. ನನಗೆ ಆಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ದಿನ ಅರ್ಧ ಒಬ್ಬಟ್ಟು ತಿಂದು ನೆಲದ ಮೇಲೆ ಮಲಗಿದ್ದೇನೆ. ಅದಕ್ಕೇ ಗೃಹಪ್ರವೇಶದಲ್ಲಿ ಎಲೆ ಮಡಿಸಿದ್ದು. ಊಟದ ಜೊತೆ ನೀರನ್ನೂ ಕುಡಿಯುವುದಿಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯುತ್ತೇನೆ. "ನೀರಾದ್ರೂ ಕುಡಿ" ಅಂತ ಲೋಟ ಮುಂದೆ ತಳ್ಳಬೇಡಿ.

ಅನ್ನದ ವಿಷಯದಲ್ಲೂ ನಾನು ಹುಷಾರು. ಹೊಟ್ಟೆಯಲ್ಲಿರುವ ಚೂರು ಜಾಗಕ್ಕೆ ಮೊದಲು ಪ್ರೋಟೀನ್ ಹೋಗಬೇಕು, ದಿನಕ್ಕೆ ಕನಿಷ್ಠ 60 ಗ್ರಾಂ ಅಂತ ಹೇಳಿದ್ದಾರೆ. ನಾವು ಸಸ್ಯಾಹಾರಿಗಳು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ತಿನ್ನುವವರಿಗೆ ಸ್ವಲ್ಪ ಸುಲಭ. ನಾನು ಹೆಸರುಕಾಳು, ಗಟ್ಟಿ ಮೊಸರು, ಪನ್ನೀರ್, ಸೋಯಾ ಅಂತ ಪರದಾಡಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ನನ್ನ ಹೊಟ್ಟೆಗೆ ಚೆನ್ನಾಗಿ ಹಿಡಿಸಿತು. ಸಿಪ್ಪೆ ಇಲ್ಲ, ಮೆತ್ತಗೆ ಬೇಯುತ್ತದೆ. ಅದನ್ನು ಕಂಡುಹಿಡಿದದ್ದು ನಮ್ಮತ್ತಿಗೆ. ಆಸ್ಪತ್ರೆಯ ಡಯೆಟ್ ಚಾರ್ಟಿನಲ್ಲಿ ಬ್ರಾಕಲಿ, ಓಟ್ಸ್ ಇತ್ತು, ನಮ್ಮ ಊರಿನ ಸಂತೆಯಲ್ಲಿ ಸಿಗುವ ಒಂದು ಸೊಪ್ಪಿನ ಹೆಸರೂ ಇರಲಿಲ್ಲ. ಮುದ್ದೆ, ರೊಟ್ಟಿ, ಉಪ್ಸಾರು ತಿನ್ನುವ ನಾಡಿನಲ್ಲಿ ಕನ್ನಡದಲ್ಲಿ ಒಂದು ಚಾರ್ಟ್ ಮಾಡುವುದು ಅಷ್ಟು ಕಷ್ಟವೇ?

ನಾಲ್ಕನೇ ತಿಂಗಳಲ್ಲಿ ಕೂದಲು ಉದುರತೊಡಗಿತು. ಬಾಚಣಿಗೆ ತುಂಬಾ ಬರುತ್ತಿತ್ತು, ಜಡೆ ಬೆರಳಿನಷ್ಟು ದಪ್ಪಕ್ಕೆ ಇಳಿಯಿತು. ಇದೇ ಸಮಯದಲ್ಲಿರುವವರು ಯಾರಾದರೂ ಓದುತ್ತಿದ್ದರೆ ಹೆದರಬೇಡಿ. ತೂಕ ಬೇಗ ಇಳಿದಾಗ ಮೂರರಿಂದ ಆರನೇ ತಿಂಗಳಲ್ಲಿ ಹೀಗಾಗುವುದು ಸಾಮಾನ್ಯ. ಪ್ರೋಟೀನ್, ಮಾತ್ರೆ ಬಿಡದೆ ತಗೊಂಡರೆ ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತದೆ. ನನಗೆ ಬೆಳೆದಿದೆ. ಚರ್ಮ ಮಾತ್ರ ಜೋತುಬಿದ್ದದ್ದು ಹಾಗೇ ಇದೆ, ಅದು ವ್ಯಾಯಾಮಕ್ಕೆ ಪೂರ್ತಿ ಹೋಗುವಂಥದ್ದಲ್ಲ.

ಆ ದಿನಗಳಲ್ಲಿ ಜನರ ಮಾತು. "ಏನಾದ್ರೂ ದೊಡ್ಡ ಕಾಯಿಲೆನಾ?" "ಮುಖದಲ್ಲಿ ಕಳೆನೇ ಇಲ್ಲ." ದಪ್ಪಗಿದ್ದಾಗ ಊಟ ಕಮ್ಮಿ ಮಾಡು ಅಂದವರೇ ಈಗ ಸ್ವಲ್ಪ ತಿನ್ನು ಅನ್ನುತ್ತಿದ್ದರು. ವಿಷಯ ಗೊತ್ತಾದವರು "ಓ, ಸುಲಭದ ದಾರಿ ಹಿಡಿದೆ" ಅಂದರು. ಈ ಮಾತು ತುಂಬಾ ನೋಯಿಸಿತು. ಇದರಲ್ಲಿ ಯಾವುದು ಸುಲಭ? ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಇವನ್ನೆಲ್ಲ ನಾನು ಬದುಕಿರುವ ತನಕ ತಗೋಬೇಕು. ಕಬ್ಬಿಣದ ಮಾತ್ರೆ ಕ್ಯಾಲ್ಸಿಯಂ ಜೊತೆ ತಗೋಬಾರದು, ನಡುವೆ ಎರಡು ಗಂಟೆ ಅಂತರ ಬೇಕು, ಕಾಫಿ ಜೊತೆಗೂ ಬೇಡ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ಎರಡು ವರ್ಷ ಚೆನ್ನಾಗಿದ್ದೇನೆ ಅಂತ ಮಾತ್ರೆ ಬಿಟ್ಟು ಕೈಕಾಲು ಜೋಮು ಹಿಡಿಸಿಕೊಂಡವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದೇನೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ್ದು. ಆರನೇ ವಾರದಲ್ಲಿ ನನಗೆ ಗಂಜಿ ಕೂಡ ಇಳಿಯದೆ ವಾಂತಿ ಶುರುವಾಯಿತು. ಬೆಂಗಳೂರಿಗೆ ಹೋಗಲು ಕಾರು, ರಜೆ, ಜೊತೆಗೊಬ್ಬರು ಎಲ್ಲಾ ಹೊಂದಿಸಬೇಕು, ಹಾಗಾಗಿ ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋದೆವು. ಹೆಸರು ಬೇಡ, ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಗ್ಯಾಸ್ಟ್ರಿಕ್ ಅಂತ ಹೇಳಿ ಐದು ದಿನ ಗ್ಲೂಕೋಸ್ ಡ್ರಿಪ್ ಹಾಕಿ ಹಾಕಿ ಕಳಿಸಿದರು. ನರ್ಸ್ ಆಗಿರುವ ನನ್ನ ಅಣ್ಣನ ಮಗಳು ಫೋನಿನಲ್ಲಿ ವಿಷಯ ಕೇಳಿದವಳೇ ಗಾಬರಿಯಾಗಿ ಆವತ್ತೇ ಹೊರಡಿಸಿದಳು. ಈ ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿಯಾದರೆ ಮೈಯಲ್ಲಿ ಬಿ1 ಅನ್ನುವ ವಿಟಮಿನ್ ಖಾಲಿಯಾಗಿರಬಹುದು. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು, ಕಣ್ಣು ಮಂಜಾಗಿ, ನಡಿಗೆ ತಪ್ಪಿ, ನೆನಪು ಹೋದರೆ ಪೂರ್ತಿ ವಾಪಸ್ ಬಾರದೆಯೂ ಇರಬಹುದು. ಬೆಂಗಳೂರಿನಲ್ಲಿ ಮೊದಲು ಬಿ1 ಇಂಜೆಕ್ಷನ್ ಕೊಟ್ಟರು, ಆಮೇಲೆ ಕ್ಯಾಮೆರಾ ಬಿಟ್ಟು ನೋಡಿದರು. ಚೀಲ ಮತ್ತು ಕರುಳು ಜೋಡಿಸಿದ ಜಾಗ ಕಿರಿದಾಗಿತ್ತು. ಸಣ್ಣ ಬಲೂನಿನಿಂದ ಅದನ್ನು ಅಗಲ ಮಾಡಿದರು. ಮಾರನೇ ದಿನ ಗಂಜಿ ಇಳಿಯಿತು.

ಮಂಡಿ ನೋವಿನ ಮಾತ್ರೆಯದೂ ಇದೇ ಕಥೆ. ಬೈಪಾಸ್ ಆದವರು ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದ ನೋವಿನ ಮಾತ್ರೆ ತಗೊಂಡರೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಬರಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ ತಕ್ಷಣ ಕೊಡುವುದು ಅದನ್ನೇ. ನಾನು ಈಗ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ: ಯಾವ ಆಪರೇಷನ್, ಯಾವ ತಾರೀಕು, ಯಾವ ಮಾತ್ರೆ ಬೇಡ, ವಾಂತಿ ಇದ್ದರೆ ಮೊದಲು ಬಿ1, ಸರ್ಜನ್ ಫೋನ್ ನಂಬರ್. ಇಂಥ ಚೀಟಿಯನ್ನು ಡಿಸ್ಚಾರ್ಜ್ ಮಾಡುವಾಗಲೇ ಆಸ್ಪತ್ರೆಯವರು ಕೊಡಬೇಕಿತ್ತು ಅಲ್ವಾ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2019-21ರಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಹೆಂಗಸರ, ಅಷ್ಟೇ ಗಂಡಸರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಇವರಲ್ಲಿ ಆಪರೇಷನ್ ಬೇಕಾದವರು ಕಮ್ಮಿಯೇ. ಆದರೆ ಈಗ ಆರೋಗ್ಯ ವಿಮೆಯಲ್ಲೂ ನಿಯಮಕ್ಕೆ ತಕ್ಕಂತೆ ಇದಕ್ಕೆ ಹಣ ಸಿಗುತ್ತದೆ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟು ಅನ್ನುವ ಲೆಕ್ಕ) 40 ದಾಟಿದವರಿಗೆ, ಇಲ್ಲವೇ 35 ದಾಟಿ ಶುಗರ್ ಹಿಡಿತಕ್ಕೆ ಸಿಗದಂಥ ತೊಂದರೆ ಇರುವವರಿಗೆ. ಹಾಗಾಗಿ ನನ್ನಂಥವರು ತಾಲ್ಲೂಕು ತಾಲ್ಲೂಕಿನಲ್ಲೂ ಜಾಸ್ತಿ ಆಗುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕುಗಳು ಈಗಾಗಲೇ ಇವೆ. ಅಲ್ಲಿನ ಡಾಕ್ಟರು, ನರ್ಸುಗಳಿಗೆ ಒಂದು ದಿನದ ತರಬೇತಿ ಕೊಟ್ಟು, ನಮ್ಮ ರಕ್ತ ಪರೀಕ್ಷೆ, ಬಿ12 ಇಂಜೆಕ್ಷನ್ ಅಲ್ಲೇ ಆಗುವಂತೆ ಆರೋಗ್ಯ ಇಲಾಖೆ ಮಾಡಲಿ. ಒಂದು ಇಂಜೆಕ್ಷನ್ನಿಗೆ, ಒಂದು ರಿಪೋರ್ಟಿಗೆ ಬೆಂಗಳೂರಿಗೆ ಹೋಗಿ ಬರುವುದು ಎಷ್ಟು ದಿನ ಸಾಧ್ಯ? ಹೋಗಲಾಗದವರು ಬಿಟ್ಟುಬಿಡುತ್ತಾರೆ.

ಇಷ್ಟೆಲ್ಲ ಓದಿ, ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪ ಇದೆಯಾ ಅಂತ ಕೇಳಬಹುದು. ಇಲ್ಲ. ಈಗ ತೂಕ 74 ಕೆ.ಜಿ. ಇನ್ಸುಲಿನ್ ನಿಂತು ಎರಡು ವರ್ಷ ಆಯಿತು, ರಾತ್ರಿಯ ಮೆಷಿನ್ ಅಟ್ಟದ ಮೇಲಿದೆ. ಈ ವರ್ಷ ಶಾಲೆಯ ಮಕ್ಕಳ ಜೊತೆ ಶ್ರವಣಬೆಳಗೊಳದ ಬೆಟ್ಟ ಹತ್ತಿದೆ, ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ನಿಧಾನಕ್ಕೆ, ಆದರೆ ಯಾರ ಕೈ ಹಿಡಿಯದೆ. ಮೇಲೆ ನಿಂತು ತುಂಬಾ ಹೊತ್ತು ಅತ್ತೆ. ಆದರೆ ತೂಕ ಮತ್ತೆ ಏರಬಹುದು ಅನ್ನುವುದೂ ಗೊತ್ತು, ಹೋದ ಆರು ತಿಂಗಳಲ್ಲಿ ಎರಡು ಕೆ.ಜಿ. ಏರಿದೆ.

ಆ ಮನೆಯೊಡತಿಗೆ ಮೊನ್ನೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಂದಿನ ಸಲ ಬಾ, ಕಾಳು ಬೇಯಿಸಿ ಕೊಡ್ತೀನಿ, ಎಷ್ಟು ಬೇಕೋ ನೀನೇ ಬಡಿಸ್ಕೋ" ಅಂದರು.

ಇಂತಿ,
ಒಬ್ಬ ಶಿಕ್ಷಕಿ
ತಿಪಟೂರು ತಾಲ್ಲೂಕು