ಕಡಗೋಲಿನ ಊರಲ್ಲಿರುವ ಮಗಳಿಗೆ

ಪುಟ್ಟೀ,

ಇತ್ತ ಕ್ಷೇಮ. ನೀನು ತಲುಪಿದ ಸುದ್ದಿ ಅಮ್ಮನ ಫೋನಿಗೆ ಬಂತು. ನನಗೂ ಒಂದು ಮೆಸೇಜ್ ಹಾಕಬಹುದಿತ್ತು. ಹಾಕದಿದ್ದಕ್ಕೆ ಕಾರಣ ನಾನೇ, ಬಿಡು. ನೀನು ಹೊರಡುವ ಹೊತ್ತಿಗೆ ಪಂಪ್‌ಸೆಟ್ ಕೆಟ್ಟಿದೆ ಅಂತ ತೋಟಕ್ಕೆ ಹೋದೆನಲ್ಲ, ಪಂಪ್‌ಸೆಟ್ ಕೆಟ್ಟಿರಲಿಲ್ಲ.

ನೀನು ಮತ್ತೆ ಅಲ್ಲಿಗೆ ಹೋಗೋದನ್ನು ತಡೆಯೋಕೆ ವಾದ ಬೇಕಿತ್ತು. ಅದಕ್ಕೇ ಎರಡು ತಿಂಗಳು ಕಿರ್ಗಿಸ್ತಾನದ ರಾಜಧಾನಿ, ನಿನ್ನ ಆ ಬಿಶ್ಕೆಕ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಊರಿಗೆ ಒಂದು ನೆಟ್ಟಗಿನ ಹೆಸರೂ ಇಲ್ಲವಲ್ಲೇ! 1825ರಲ್ಲಿ ಕೋಕಂದ ಅನ್ನೋ ರಾಜ್ಯದ ಖಾನರು ಮಣ್ಣಿನ ಕೋಟೆ ಕಟ್ಟಿದರು, ಪಿಶ್‌ಪೆಕ್ ಅಂತ. 1862ರಲ್ಲಿ ರಷ್ಯನ್ನರು ಅದನ್ನು ಕೆಡವಿದರು. ಅಲ್ಲೇ ಹುಟ್ಟಿ ಕೆಂಪು ಸೇನೆಯಲ್ಲಿ ದೊಡ್ಡವನಾದ ಫ್ರುಂಜೆಯ ಹೆಸರು 1926ರಲ್ಲಿ ಬಂತು, 1991ರಲ್ಲಿ ಹೋಯಿತು. ಆದರೆ ಟಿಕೆಟ್ಟಿನಲ್ಲಿ ಹಾಕುವ ವಿಮಾನ ನಿಲ್ದಾಣದ ಗುರುತು ಆಮೇಲೂ ಎಷ್ಟೋ ವರ್ಷ ಫ್ರುಂಜೆಯ ಎಫ್‌ಆರ್‌ಯು ಅಂತಲೇ ಇತ್ತು. ಊರಿನವರು ಬಿಟ್ಟ ಹೆಸರನ್ನು ವಿಮಾನದವರು ಬೇಗ ಬಿಡಲಿಲ್ಲ.

ನೀನು ಫೋಟೋ ಕಳಿಸಿದ್ದ ಅಲಾ-ಟೂ ಚೌಕದಲ್ಲೂ ಅಷ್ಟೇ. ಲೆನಿನ್ ನಿಂತಿದ್ದ, 2003ರಲ್ಲಿ ಮ್ಯೂಸಿಯಂ ಹಿತ್ತಲಿಗೆ ಸಾಗಿಸಿದರು. ಅವನ ಜಾಗಕ್ಕೆ ಸ್ವಾತಂತ್ರ್ಯದ ಹೆಣ್ಣು ಬಂದಳು. 2011ರಲ್ಲಿ ಅವಳೂ ಹೋಗಿ ಅವರ ಮಹಾಕಾವ್ಯದ ವೀರ, ಕುದುರೆ ಏರಿದ ಮನಾಸ್ ಬಂದ. ಜನ 2005, 2010, 2020 ಅಂತ ಹದಿನೈದು ವರ್ಷದಲ್ಲಿ ಮೂರು ಸಲ ನುಗ್ಗಿ ಅಧ್ಯಕ್ಷರನ್ನೇ ಇಳಿಸಿದ್ದಾರೆ. 2010ರಲ್ಲಂತೂ ಗುಂಡು ಹಾರಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಇದನ್ನೆಲ್ಲ ನಿನ್ನ ಮುಂದೆ ಸುರಿದೆ. ನೀನು ಸೂಟ್‌ಕೇಸಿನ ಜಿಪ್ ಎಳೆಯುತ್ತಾ, "ನಮ್ಮ ಕಾಲೇಜು ಇರೋದು ಬೇರೆ ಕಡೆ ಅಪ್ಪಾ" ಅಂದೆ.

ಬೇರೆ ಕಡೆ ಇದ್ದರೆ 2024ರ ಮೇ 17ರ ರಾತ್ರಿ ಏನಾಯಿತು? ಯಾರೋ ಯಾರಿಗೋ ಹೊಡೆದ ವಿಡಿಯೋ ಹರಡಿ, ಗುಂಪು ಕಟ್ಟಿಕೊಂಡು ಹೊರದೇಶದ ಮಕ್ಕಳ ಹಾಸ್ಟೆಲುಗಳಿಗೆ ನುಗ್ಗಲಿಲ್ಲವೇ? "ಲೈಟ್ ಆರಿಸಿ ಕೂತಿದೀವಿ ಅಪ್ಪಾ, ಜೋರಾಗಿ ಮಾತಾಡೋ ಹಾಗಿಲ್ಲ" ಅಂದೆ. ನಿನ್ನ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ಆ ರಾತ್ರಿಯೆಲ್ಲ ನಾನು ಅದೇ ಲೆಕ್ಕ ಹಾಕುತ್ತಿದ್ದೆ: ನನ್ನ ಗಡಿಯಾರದಲ್ಲಿ ಆ ಹೊತ್ತು ಆಗುವ ಮೊದಲೇ ಅಲ್ಲಿ ಏನೋ ಆಗಿಹೋಗಿರುತ್ತೆ ಅಂತ. ಬುದ್ಧಿ ಇದ್ದವನು ಮಾಡುವ ಲೆಕ್ಕವಲ್ಲ. ಫೋನಿನಲ್ಲಿ ನಿನ್ನ ಉಸಿರು ಕೇಳುತ್ತಿತ್ತು, ಹಿಂದೆ ಯಾವುದೋ ಹುಡುಗಿ ಬಿಕ್ಕುತ್ತಿದ್ದಳು. ಬಾಗಿಲಿಗೆ ಮಂಚ ಅಡ್ಡ ಎಳೆದಿದೀವಿ ಅಂದೆ. ಕಬ್ಬಿಣದ್ದೋ ಮರದ್ದೋ ಅಂತ ನಾನು ಕೇಳಲಿಲ್ಲ. ಈಗಲೂ ಮಲಗಿದಾಗ ಅದೇ ತಲೆಯಲ್ಲಿ. ಕಬ್ಬಿಣದ್ದೇ ತಾನೇ?

ಮಂಚದ ವಿಷಯ ಕೇಳದವನು ಬೇರೇನೋ ಕೇಳಿದೆ. "ಅಲ್ಲಿಗೆ ಹೋಗು ಅಂತ ಯಾರು ಹೇಳಿದ್ರು ನಿಂಗೆ?"

ಊರಾಚೆ ಚೋಂಗ್-ತಾಶ್ ಅಂತ ಹಳ್ಳಿಯಿದೆ. 1938ರಲ್ಲಿ ಸ್ಟಾಲಿನ್ನನ ಪೊಲೀಸರು 137 ಜನರನ್ನು ಕೊಂದು ಅಲ್ಲಿನ ಇಟ್ಟಿಗೆ ಗೂಡಿನಲ್ಲಿ ಹೂತಿದ್ದರು. ಕಿರ್ಗಿಜ್ ಕತೆಗಾರ ಐತ್ಮಾತೊವ್ ಅವರ ತಂದೆಯೂ ಅದರಲ್ಲಿದ್ದರು. ವಿಷಯ ಗೊತ್ತಿದ್ದ ಕಾವಲುಗಾರ ಬಾಯಿ ಬಿಡದೆ ಬದುಕಿ, ಸಾಯುವ ಮುಂಚೆ ಮಗಳಿಗೊಬ್ಬಳಿಗೆ ಹೇಳಿದ. ಅವಳು ಕಾದಿದ್ದು 1991ರಲ್ಲಿ ಬಾಯಿಬಿಟ್ಟ ಮೇಲೆಯೇ ಗುಂಡಿ ತೆಗೆದದ್ದು. ಇದನ್ನು ಓದಿ ಎದ್ದು ಹೋಗಿ ನೀರು ಕುಡಿದೆ. ನನ್ನ ಗುಟ್ಟು ಅವನದರ ಮುಂದೆ ಯಾವ ಲೆಕ್ಕ, ಅದನ್ನೂ ಹೇಳಲಾರದೆ ತೋಟಕ್ಕೆ ಓಡಿದೆನಲ್ಲ.

ಹೋಗು ಅಂತ ಹೇಳಿದ್ದು ನಾನು. ಇಲ್ಲಿನ ಮೆಡಿಕಲ್ ಸೀಟಿನ ರೇಟು ಕೇಳಿ ಎದ್ದು ಬಂದವನೂ, ಏಜೆಂಟನ ಮುಂದೆ ಕೂತು ತಲೆಯಾಡಿಸಿದವನೂ ನಾನೇ. ನೀನು ಬಿ.ಎಸ್‌ಸಿ. ಮಾಡ್ತೀನಿ ಅಂದಿದ್ದೆ. ಈಗ ನೀನು ಅಲ್ಲಿ ಬೇರು ಬಿಟ್ಟು, ರಷ್ಯನ್‌ನಲ್ಲಿ ರೋಗಿಯ ಹತ್ತಿರ ಎಲ್ಲಿ ನೋವು ಅಂತ ಕೇಳೋದು ಕಲಿತ ಮೇಲೆ, ಬೇಡ ಅನ್ನೋಕೆ ನಾನ್ಯಾರು? ನೀನು ಹಾಗೆ ಕೇಳುವ ವಿಡಿಯೋವನ್ನು ಹಾಲಿನ ಡೈರಿಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ, ಅಮ್ಮನಿಗೆ ಹೇಳಬೇಡ.

ಸಂಜೆ ಒಬ್ಬಳೇ ಓಡಾಡಬೇಡ. ಪಾಸ್‌ಪೋರ್ಟಿನ ಜೆರಾಕ್ಸ್ ಸದಾ ಚೀಲದಲ್ಲಿರಲಿ. ಚಳಿಗಾಲದಲ್ಲಿ ಕಲ್ಲಿದ್ದಲ ಹೊಗೆ ಕಟ್ಟಿಕೊಳ್ಳುತ್ತಂತೆ, ಮಾಸ್ಕ್ ಹಾಕು. ರಸ್ತೆ ಪಕ್ಕ ಮರಗಳಿಗೆ ನೀರು ಹರಿಸುವ ಅರಿಕ್ ಕಾಲುವೆಗಳು ಬಾಯಿ ತೆರೆದುಕೊಂಡೇ ಇರುತ್ತವೆ, ಮೊಬೈಲ್ ನೋಡುತ್ತಾ ನಡೆಯಬೇಡ. ಉಪದೇಶ ಮಾಡಬಾರದು ಅಂದುಕೊಂಡೇ ಕೂತಿದ್ದೆ.

ಅಮ್ಮ ಸೂಟ್‌ಕೇಸಿನಲ್ಲಿ ಕಡಗೋಲು ಇಟ್ಟಾಗ ಬೈದೆನಲ್ಲ, ಈಗ ಓದಿದರೆ ಬಿಶ್ಕೆಕ್ ಅಂದರೇ ಕಡಗೋಲಂತೆ, ಕುದುರೆ ಹಾಲಿನ ಕುಮಿಸ್ ಕಡೆಯೋದು. ಅಮ್ಮನಿಗೆ ಹೇಳಿದೆ. "ಅದಕ್ಕೇ ಇಟ್ಟಿದ್ದು" ಅಂದಳು, ಗೊತ್ತಿದ್ದವಳ ಹಾಗೆ. ಅದರ ಹಿಡಿ ಸ್ವಲ್ಪ ಸಡಿಲ ಇದೆ, ಒಂದು ಚೂರು ಬಟ್ಟೆ ಸುತ್ತಿಕೋ. ಮಂಚ ಎಂಥದ್ದು ಅಂತ ನನ್ನ ಫೋನಿಗೇ ಬರಿ.

ನಿನ್ನ ಅಪ್ಪ